ಸರದಿಯಲ್ಲಿ ಮೂರನೇ ಜಾಗ

"ಕಂಕುಳ ಎತ್ತಮ್ಮಿ! ನಿನ್ ನಾತ ಸಾಹೇಬ್ರ ಮೂಗಿಗೆ ಹೊಡೆದ್ರೆ ನನ್ ಕೆಲ್ಸ ಹೋಯ್ತದೆ."

ನಮ್ಮ ಮೇಸ್ತ್ರಿ ಡೆಕ್ಸ್ಟರ್ ಪೂಲ್, ಸೆಂಟಿನ ಡಬ್ಬಿ ಹಿಡಿದು ನಮ್ಮ ಸಾಲಿನುದ್ದಕ್ಕೂ ಪುಸ್ ಪುಸ್ ಎಂದು ಹೊಡೆಯುತ್ತ ಬಂದ. ಗಿರಾಕಿಗಳು ಬರುವ ಹೊತ್ತಿಗೆ ಇದು ಅವನ ದಿನದ ಪೂಜೆ. ನಾನು ಕಂಕುಳೆತ್ತಿದೆ. ಕಣ್ಣಿಗೂ ಎರಡು ಹನಿ ಬಿತ್ತು, ಉರಿಯಿತು. ಹಾಳಾಗಿ ಹೋಗಲಿ ಇವನ ವಂಶ!

ನಾನು ವರ್ನೆಟ್ಟಾ ಟಿಬ್ಸ್. ಕೆಲಸ ಸರದಿಯಲ್ಲಿ ನಿಂತುಕೊಳ್ಳುವುದು. ವಾಷಿಂಗ್ಟನ್ನಿನಲ್ಲಿ ಕಾಯಿದೆ ಮಾಡುವವರು ವಿಚಾರಣೆಗೆ ಕೂರುವ ಕೋಣೆಗೆ ಯಾರು ಬೇಕಾದರೂ ಹೋಗಬಹುದು. ಮೊದಲು ಬಂದವರಿಗೆ ಮೊದಲ ಜಾಗ ಎನ್ನುತ್ತಾರೆ. ಅದಕ್ಕೇ ದೊಡ್ಡವರ ಪರ ಮಾತಾಡುವ ಸೂಟಿನವರು ಡೆಕ್ಸ್ಟರನ ಕಂಪನಿಗೆ ದುಡ್ಡು ಕೊಟ್ಟು ನಮ್ಮಂಥವರನ್ನು ಹಿಂದಿನ ದಿನವೇ ತಂದು ನಿಲ್ಲಿಸುತ್ತಾರೆ. ತಾವು ಮಾತ್ರ ಬಾಗಿಲು ತೆರೆಯುವ ಗಳಿಗೆಗೆ ಮಿಂದು ಮಡಿಯಾಗಿ ಬರುತ್ತಾರೆ. ನಾವು ಜಾಗ ಬಿಟ್ಟುಕೊಟ್ಟು ಹಿಂದಿನ ಬಾಗಿಲಿನಿಂದ ಹೊರಡುತ್ತೇವೆ. ಒಳಗೆ ಯಾವ ವಿಚಾರಣೆ ಎಂದು ನಮಗೆ ಯಾರೂ ಹೇಳುವುದಿಲ್ಲ, ಕೋಣೆಯ ನಂಬರು ಮಾತ್ರ ಹೇಳುತ್ತಾರೆ. ಅವತ್ತು ಇಡೀ ರಾತ್ರಿ ಕಟ್ಟಡದ ಹೊರಗೆ ಮಳೆಯಲ್ಲಿ ನಿಂತು, ಬೆಳಿಗ್ಗೆ ಒಳಗಿನ ಕಾರಿಡಾರಿಗೆ ಬಂದಿದ್ದೆವು. ನನ್ನದು ಮೂರನೇ ಜಾಗ. ಮುಂದೆ ಎರಡನೆಯವನಾಗಿ ಕ್ಲೀಟಸ್ ಮುದುಕ.

"ಈ ಬಾಗ್ಲಲ್ಲಿ ಒಳಕ್ಕೋಗೋ ಒಬ್ಬ ನನ್ಮಗಂಗೂ ನಾನು ಓಟಾಕಿಲ್ಲ ಕಣಮ್ಮಿ," ಎಂದ ಕ್ಲೀಟಸ್, ಒದ್ದೆ ಕಾಲುಚೀಲ ಹಿಂಡುತ್ತ. "ಇಂಥೋನ್ನ ಗೆಲ್ಸುದ್ನಲ್ಲ ಅಂತ ನನ್ ಕೆರದಲ್ಲಿ ನಾನೇ ಹೊಡ್ಕಳೋ ಭಾಗ್ಯಾನೂ ಇಲ್ಲ."

ಸುಳ್ಳೇನಲ್ಲ. ರಾಜಧಾನಿಯಲ್ಲೇ ಹುಟ್ಟಿ ಬೆಳೆದವರು ನಾವು. ನಾವು ಆರಿಸಿ ಕಳಿಸಿದವರು ಇಲ್ಲಿ ಕೂರಬಹುದು, ಮಾತಾಡಬಹುದು. ಕೊನೆಗೆ ಕಾಯಿದೆಗೆ ಕೈ ಎತ್ತುವಾಗ ಆ ಕೈ ಲೆಕ್ಕಕ್ಕಿಲ್ಲ; ಲೆಕ್ಕಕ್ಕಿರುವುದು ಬೇರೆ ರಾಜ್ಯಗಳವರು ಆರಿಸಿದವರ ಕೈ.

ಒಂಬತ್ತಕ್ಕೆ ಲಿಫ್ಟಿನಿಂದ ಹನ್ನೆರಡು ಹೆಂಗಸರು ಇಳಿದರು. ಎಲ್ಲರದೂ ಚರ್ಚಿಗೆ ಹೋಗುವ ಬಟ್ಟೆ, ಚರ್ಚಿಗೆ ಹಾಕುವ ಟೋಪಿ. ನಮ್ಮ ಬಿಲ್ಡಿಂಗಿನವರು! ಎಲ್ಲರ ಮುಂದೆ ನನ್ನ ಪಕ್ಕದ ಮನೆಯ ಮೊಜೆಲ್ ಕ್ರಂಪ್. ಅವಳಿಗೂ ನನಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಎರಡೂ ಕಡೆ ಕಪ್ಪು ಬೂಸ್ಟು ಹಿಡಿದಿದೆ. ಅದರ ಪಕ್ಕ ಮಲಗುತ್ತಿದ್ದ ಅವಳ ಮೊಮ್ಮಗಳು ಕೆಜಾಯಾ, ಏಳು ವರ್ಷದ್ದು, ಜನವರಿಯಲ್ಲಿ ಉಸಿರು ಸಿಗದೆ ಸತ್ತಿತು.

ಮೊಜೆಲ್ ನನ್ನನ್ನು ಕಂಡವಳೇ ಓಡಿ ಬಂದು ತಬ್ಬಿಕೊಂಡಳು.

"ಅಯ್ಯೋ ನನ್ನವ್ವಾ! ನಿನ್ನೇನೇ ಬಂದು ನಿಂತ್ಬುಟ್ಯಾ? ನನ್ ಕೂಸಿಗೋಸ್ಕರ ಮಳೇಲಿ ನೆಂದ್ಯಾ? ನೋಡ್ರೇ ಇಲ್ಲಿ, ಬಿಲ್ಡಿಂಗ್ ಮೀಟಿಂಗಿಗೆ ಒಂದಿನಾನೂ ಬರ್ನಿಲ್ಲ ಅಂತ ಬಯ್ಕಂಡ್ವಲ್ರೇ ಇವಳ್ನ!"

ಕ್ಲೀಟಸ್ ಗೋಡೆಯ ಕಡೆ ತಿರುಗಿಕೊಂಡ.

"ಇವತ್ತು ಒಳಗೆ ಏನಂತೆ ಅಕ್ಕಾ?" ಎಂದು ಹೇಗೋ ಕೇಳಿದೆ.

"ಗೊತ್ತಿಲ್ದಂಗೆ ಕೇಳ್ತೀಯಲ್ಲ! ಇನ್ಮೇಕೆ ಸರ್ಕಾರದ ಇನ್ಸ್‌ಪೆಕ್ಟರ್ ಬರಂಗಿಲ್ವಂತೆ. ಮಾಲೀಕ್ನೇ ತನ್ ಬಿಲ್ಡಿಂಗ್ ನೋಡ್ಕಂಡು ಎಲ್ಲ ಚೆನ್ನಾಗೈತೆ ಅಂತ ಬರ್ಕೊಟ್ರೆ ಸಾಕಂತೆ. ಕೂಸನ್ನ ಕೊಂದ ಬೋಳಿಮಗ್ನೇ ಗೋಡೆಗೆ ಸರ್ಟಿಫಿಕೇಟ್ ಕೊಡ್ತಾನಂತೆ! ವಿಚಾರಣೆ ಮಾಡೋ ಆ ಅಧ್ಯಕ್ಷನ ಕಣ್ಣೆದುರಿಗೆ ಕೂತ್ಕಬೇಕು ನಾನು. ನನ್ ಮಕ ನೋಡ್ಕಂಡು ಕಾಯ್ದೆ ಮಾಡ್ಲಿ, ನೋಡಾನ."

ಬಾಗಿಲ ಗಾರ್ಡು ಬಂದು ತಲೆ ಎಣಿಸಿದ. "ಒಳಗೆ ನಲವತ್ತೇ ಸೀಟು. ಸಾಲಲ್ಲಿ ಆಗ್ಲೇ ಅಷ್ಟು ಜನ ಅವ್ರೆ, ಈಗ ಬಂದೋರೆಲ್ಲ ಹಿಂದಕ್ಕೋಗಿ. ನಿಮ್ಗೆ ಸಿಗೋದು ಡೌಟು."

ಅಷ್ಟರಲ್ಲಿ ಸೂಟುಗಳು ಬಂದವು. ಮೊದಲ ಜಾಗದಲ್ಲಿದ್ದ ರೂಫಸ್ ಜರುಗಿದ, ಅಲ್ಲೊಂದು ಸೂಟು ನಿಂತಿತು. ಗಾರ್ಡು ತಡೆಯಲಿಲ್ಲ. ನನ್ನ ಗಿರಾಕಿ ಗ್ರೇಡಿ ವಿನ್‌ಸ್ಲೇಡ್ ಫೋನಿನಲ್ಲಿ ಮಾತಾಡುತ್ತಲೇ ಬಂದ.

"ಬೆಳಿಗ್ಗೆ ಅಧ್ಯಕ್ಷರ ಜೊತೆ ತಿಂಡಿ ಆಯ್ತು. ಹೌದು ಹೌದು, ಅವರ ಚುನಾವಣಾ ನಿಧಿಗೆ ದುಡ್ಡೆತ್ತೋಕೆ ಇಟ್ಟಿದ್ದು. ನಮ್ಮ ಬಿಲ್ಡಿಂಗ್ ಮಾಲೀಕರ ಸಂಘದವರೇ ದುಡ್ಡು ಕೊಟ್ಟು ಎಲ್ಲ ಟೇಬಲ್ಲೂ ತಗೊಂಡಿದ್ರು. ಖುಷಿಯಾಗಿದ್ದಾರೆ. ಒಳಗೂ ನಮ್ಮ ಮುಖಗಳೇ ಇರುತ್ತವೆ, ತಲೆ ಕೆಡಿಸ್ಕೋಬೇಡಿ." ಫೋನು ಇಳಿಸದೆ ನನ್ನತ್ತ ಚಿಟಿಕೆ ಹೊಡೆದ. "ಆಯ್ತಮ್ಮ, ಜರುಗು."

ಮೊಜೆಲಳ ಕೈ ನನ್ನ ಹೆಗಲಿನಿಂದ ಜಾರಿತು.

"ಇವನಿಗಾ?" ಎಂದಳು. "ಇವನಿಗಾ ನಿಂತಿದ್ದೆ, ಲೌಡಿ?"

"ಯಾರಿಗೆ ಅಂತ ನಂಗೊತ್ತಿರ್ನಿಲ್ಲ ಕಣಕ್ಕಾ."

ಅದು ನಿಜ. ಗೊತ್ತಿದ್ದರೆ ಬರುತ್ತಿರಲಿಲ್ಲವೇ? ಬರುತ್ತಿದ್ದೆ. ಬಾಡಿಗೆ ಕಟ್ಟಬೇಕಲ್ಲ. ಆ ನಾಚಿಕೆಗೇ ಮೊಜೆಲಳ ರಟ್ಟೆ ಹಿಡಿದು ನನ್ನ ಜಾಗಕ್ಕೆ ಎಳೆದೆ.

"ಬಾ ಇಲ್ಲಿ. ನೀನೋಗು ಒಳಕ್ಕೆ."

"ಏಯ್!" ಗಾರ್ಡು ಅಡ್ಡ ಬಂದ. "ಜಾಗ ಬದಲಾಯ್ಸಂಗಿಲ್ಲ. ಈಗ ಬಂದೋರು ಹಿಂದಕ್ಕೋಗ್ಬೇಕು."

"ಈಗ ನನ್ ಮುಂದ್ಕೆ ಬಂದು ನಿಂತ್ಕಂತಲ್ಲ ಸೂಟು," ಎಂದ ಕ್ಲೀಟಸ್, "ಅದೇನು ರಾತ್ರಿಯೆಲ್ಲ ನನ್ ಜತೇಲಿ ನೆಂದಿತ್ತಾ?"

"ಅದು ಬೇರೆ."

"ಏನ್ ಬೇರೆ, ಹೇಳ್ಲಾ!"

ಗಾರ್ಡೂ ನಮ್ಮಂತೆ ಕಪ್ಪು ಬಣ್ಣದವನೇ. ಬೂಟಿನ ತುದಿ ನೋಡಿಕೊಂಡ. ನಾನು ಮೊಜೆಲಳ ಕೈ ಬಿಟ್ಟು ನನ್ನ ಜಾಗದಲ್ಲಿ ಕಾಲೂರಿದೆ.

"ಸರಿ ಬುಡು. ಬದಲಾಯ್ಸಂಗಿಲ್ಲ ಅಂದ್ರೆ ನಿಂತಿರೋಳೇ ಒಳಕ್ಕೋಗ್ಬೇಕು, ಅಲ್ವಾ? ನಾನೇ ಹೋಯ್ತೀನಿ."

ವಿನ್‌ಸ್ಲೇಡ್ ಈಗ ಮೊದಲ ಸಲ ನನ್ನ ಮುಖ ನೋಡಿದ. "ಡೆಕ್ಸ್ಟರ್, ಏನಿದು?"

ಡೆಕ್ಸ್ಟರ್ ಓಡಿ ಬಂದು ನನ್ನ ತೋಳು ಹಿಚುಕಿದ. "ಒಳಕ್ಕೆ ಕಾಲಿಟ್ಯೋ, ನಾಳೆಯಿಂದ ಈ ಊರಲ್ಲಿ ಯಾವನೂ ನಿನ್ನ ಕೆಲ್ಸಕ್ಕಿಟ್ಕಳಲ್ಲ. ಬಾಡಿಗೆಗೆ ಏನ್ ಮಾಡ್ತೀಯ?"

"ಆ ಬೂಸ್ಟಿಗೆ ತಾನೇ ಬಾಡಿಗೆ? ಕೈ ತೆಗೀಲಾ!"

ಬಾಗಿಲು ತೆರೆಯಿತು. ಗಾರ್ಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮೊಜೆಲ್ ನನ್ನನ್ನು ಕ್ಷಮಿಸಿರಲಿಲ್ಲ. ಕಣ್ಣಲ್ಲೇ ಗೊತ್ತಾಗುತ್ತಿತ್ತು.

"ಒಳಗೋಗಿ ಏನ್ ಕಿಸೀತೀಯ?" ಎಂದಳು. "ಅಲ್ಲಿ ನಮ್ಮಂಥೋರು ಬಾಯ್ ಬಿಡಂಗಿಲ್ಲ."

"ಬಿಡ್ತೀನಿ."

ಒಳಗೆ ತಣ್ಣಗಿತ್ತು, ಮೆತ್ತನೆ ಕುರ್ಚಿ. ಮೂರು ವರ್ಷ ಈ ಕೋಣೆಗಳ ಹೊರಗೆ ನಿಂತಿದ್ದೇನೆ, ಒಳಗೆ ಕಾಲಿಟ್ಟದ್ದು ಅದೇ ಮೊದಲು. ನಾನು ಕೂತದ್ದೇ ಪಕ್ಕದ ಸೂಟು ಮೂಗಿಗೆ ಕರವಸ್ತ್ರ ಹಿಡಿದು ಒಂದು ಕುರ್ಚಿ ಆಚೆ ಹೋಯಿತು. ನನಗೇ ಹಾಯೆನಿಸಿತು.

ಅಧ್ಯಕ್ಷ ಎತ್ತರದ ಪೀಠದಲ್ಲಿ ಕೂತು ನೀರು ಕುಡಿದ. ಸಾಲುಗಳ ಮೇಲೆ ಕಣ್ಣಾಡಿಸಿ ಮುಗುಳ್ನಕ್ಕ. "ಇದು ಎಲ್ಲರಿಗೂ ಒಪ್ಪಿಗೆಯಾಗಿರುವ ಮಸೂದೆ," ಎಂದ. "ಬಾಡಿಗೆದಾರರಿಂದಲೂ ಆಕ್ಷೇಪಣೆ ಇದ್ದಂತಿಲ್ಲ. ಇದ್ದಿದ್ದರೆ ಇವತ್ತು ಬರುತ್ತಿದ್ದರು."

ನಾನು ಎದ್ದೆ.

"ಬಂದವ್ರೆ! ಹನ್ನೆರಡು ಜನ ಬಾಗ್ಲಾಚೆ ಅವ್ರೆ!"

ಅಧ್ಯಕ್ಷ ಮೇಜಿಗೆ ಸುತ್ತಿಗೆ ಬಡಿದ. "ಕೂತುಕೊಳ್ಳಿ."

"ಕೆಜಾಯಾ ಕ್ರಂಪ್ ಅಂತ ಏಳು ವರ್ಷದ ಕೂಸು..."

"ಕೂತುಕೊಳ್ಳಿ, ಇಲ್ಲವಾದರೆ ಹೊರಗೆ ಹಾಕಿಸುತ್ತೇನೆ."

ಇಬ್ಬರು ಗಾರ್ಡುಗಳು ಎರಡೂ ಕಡೆಯಿಂದ ನನ್ನ ತೋಳಿಗೆ ಕೈ ಹಾಕಿದರು. ಕೂಸು ಹೇಗೆ ಸತ್ತಿತು ಎಂದು ನಾನಿನ್ನೂ ಹೇಳಿರಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರು ಎಳೆದರು. ಕುರ್ಚಿಯೂ, ಅದರಲ್ಲಿ ಕೂತ ಸೂಟೂ ನನ್ನ ಜೊತೆಯೇ ಬಾಗಿಲ ಕಡೆ ಜರುಗತೊಡಗಿದವು. ನಾನು ಹೇಳುತ್ತಲೇ ಇದ್ದೆ.