ಗುಮ್ಮಟ್ಲೆಗೆ ಆಧಾರ

ನಮ್ಮ ಯಜಮಾನರು ಶ್ರೀಧರ್, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಅಂಥವರು ಸುಮ್ಮನಿರುತ್ತಾರೆಯೇ? ಶ್ರೀನಿವಾಸಪುರದ ಸೀಮೆಯ ಪದಗಳನ್ನೆಲ್ಲ ಕೂಡಿಸಿ ಪದಕೋಶ ಮಾಡಲು ಕೂತರು. ಊಟಕ್ಕೆ ಕರೆದರೆ "'ಮ' ಮುಗಿಸಿ ಬರ್ತೀನಿ" ಅನ್ನುತ್ತಾರೆ. ಆಮೇಲೆ ಬಂದು ಸಾರು ಯಾಕೆ ತಣ್ಣಗಿದೆ ಎಂದು ನನ್ನನ್ನೇ ಕೇಳುತ್ತಾರೆ.

ಇರಲಿ. ಆ ಪುಸ್ತಕಕ್ಕೆ ನನ್ನ ತೌರಿನ ಒಂದೇ ಒಂದು ಪದ ಸೇರಬೇಕು ಎಂಬುದು ನನ್ನ ಆಸೆ. ಗುಮ್ಮಟ್ಲೆ. ಕುರುಡುಮಲೆಯ ನಮ್ಮ ಮನೆಯಲ್ಲಿ, ಮುದ್ದೆ ಕಟ್ಟಿ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಬಳಿದು ಕಟ್ಟುವ ಪುಟಾಣಿ ಮುದ್ದೆಗೆ ಆ ಹೆಸರು. ಅದನ್ನು ಮನೆಗೆ ಹೊಸದಾಗಿ ಬಂದವರಿಗೆ ಬಡಿಸಬೇಕು. ತಿಂದವರು ಮತ್ತೆ ಬಂದೇ ಬರುತ್ತಾರೆ ಎಂದು ನಂಬಿಕೆ. ಮದುವೆಯಾದ ಹೊಸದರಲ್ಲಿ ಈ ಮಾತು ಆಡಿದ್ದಕ್ಕೆ ನಮ್ಮತ್ತೆ ದೊಡ್ಡವೆಂಕಟಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವರು ತೆಲುಗು ಗಡಿಯ ರಾಯಲ್ಪಾಡಿನವರು, ಮುದ್ದೆಗೇ ಸಂಗಟಿ ಅನ್ನುವವರು. "ಎಲ್ಲಿಂದ ತಂದ್ಯೇ ತಲ್ಲೀ ಈ ಮಾತು?" ಎಂದರು. ಅವತ್ತಿನಿಂದ ನಾನು ಗುಮ್ಮಟ್ಲೆ ಕಟ್ಟಲಿಲ್ಲ. ಬಾಯಿ ಮುಚ್ಚಿಕೊಂಡೆ, ಹೊಟ್ಟೆಯುರಿ ಮಾತ್ರ ಆರಲಿಲ್ಲ.

"ಅಚ್ಚಾದ ಆಧಾರ ಬೇಕು ಸುನಂದಾ," ಎಂದರು ಇವರು. "ಬಾಯಿಮಾತು ನಡೆಯಲ್ಲ. ನಾಡಿದ್ದು ಪ್ರೆಸ್ಸಿಗೆ ಕೊಡ್ತಿದ್ದೀನಿ."

"ನಾನೇನು ಸುಳ್ಳು ಹೇಳ್ತೀನೇನ್ರೀ?"

"ಸುಳ್ಳು ಅಂತಲ್ವೇ. ಹೆಂಡ್ತಿ ಹೇಳಿದ್ಲು ಅಂತ ಅಡಿಟಿಪ್ಪಣಿ ಹಾಕೋಕಾಗುತ್ತಾ?"

ನೋಡೇ ಬಿಡೋಣ ಎಂದು ಮಾರನೇ ದಿನ ಕೋಲಾರದ ಬಸ್ಸು ಹತ್ತಿದೆ. ಗ್ರಂಥಾಲಯದ ದಪ್ಪ ನಿಘಂಟುಗಳಲ್ಲಿ ಗುಮ್ಮಟ ಇದೆ, ಗುಮ್ಮ ಇದ್ದಾನೆ, ನನ್ನ ಪದ ಇಲ್ಲ. ಗ್ಯಾಸೆಟಿಯರ್‌ನಲ್ಲಿ ಕೆರೆ, ರೇಷ್ಮೆ, ಚಿನ್ನ ಎಲ್ಲ ಇವೆ. ದಿನಾ ತಿನ್ನುವ ಮುದ್ದೆಗೆ ಜಾಗವೇ ಇಲ್ಲ. ಜಾನಪದದ ಪುಸ್ತಕಗಳಲ್ಲಿ ಧೂಳು ಮಾತ್ರ ಧಾರಾಳವಾಗಿ ಸಿಕ್ಕಿತು. ಸಾಕಪ್ಪಾ ಎಂದು ಏಳುವಾಗ ಗ್ರಂಥಪಾಲಕ ನಂದೀಶ್ ಹಳೆಯ ಕಾಲೇಜು ಸಂಚಿಕೆಗಳ ಕಟ್ಟು ತಂದಿಟ್ಟರು. ಮುಳಬಾಗಿಲಿನ ಒಂದು ಸಂಚಿಕೆಯಲ್ಲಿ ನಮ್ಮ ಕಡೆಯ ಊಟದ ಬಗ್ಗೆ ಲೇಖನ. ಅದರಲ್ಲಿ ಗುಮ್ಮಟ್ಲೆ! ಬರೆದವರ ಹೆಸರು ನೋಡಿ ಹಾಗೇ ಕೂತುಬಿಟ್ಟೆ. ಆಮೇಲೆ ಜೆರಾಕ್ಸ್ ಮಾಡಿಸಿಕೊಂಡು ಬಂದೆ.

ಬೆಳಿಗ್ಗೆ ಅತ್ತೆಯ ಎದುರಿಗೇ, ಹೆಸರಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಓದಿದೆ: "ಕುರುಡುಮಲೆಯ ಒಂದು ಮನೆಯಲ್ಲಿ ಕೊನೆಯ ಪುಟ್ಟ ಮುದ್ದೆಗೆ ಗುಮ್ಮಟ್ಲೆ ಎನ್ನುತ್ತಾರೆ. ತಿಂದ ಹೊಸಬರು ಮತ್ತೆ ಬರುತ್ತಾರಂತೆ. ಈ ಲೇಖಕನೂ ತಿಂದಿದ್ದಾನೆ. ಅವತ್ತಿನಿಂದ ಮತ್ತೆ ಹೋಗಬೇಕು ಅನ್ನಿಸುತ್ತಲೇ ಇದೆ."

ಇವರು ಕನ್ನಡಕ ಏರಿಸಿಕೊಂಡರು. "ಯಾವನೋ ಭಾವುಕ ಬರ್ದಿದ್ದಾನೆ. ಇಂಥವರನ್ನ ನಂಬಬಾರ್ದು. ಯಾರವನು?"

ಹೆಬ್ಬೆರಳು ತೆಗೆದೆ.

ಓದಿದರು. ಇನ್ನೊಮ್ಮೆ ಓದಿದರು. ಕಿವಿ ಕೆಂಪಾಯಿತು. ಅವರದೇ ಹೆಸರು! ಸಂಚಿಕೆ ಬಂದದ್ದು ಅವರು ಮುಳಬಾಗಿಲಿನ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, ನನ್ನನ್ನು ನೋಡಲು ಬಂದ ವರ್ಷ. ಅವತ್ತು ಬಸ್ಸು ತಪ್ಪಿಸಿಕೊಂಡು ಊಟದ ಹೊತ್ತಿಗೆ ಬಂದಿದ್ದರು. ಅಮ್ಮ ಮುದ್ದೆ ಬಡಿಸಿದಳು. ಗುಮ್ಮಟ್ಲೆಯನ್ನು ಮಾತ್ರ, ಯಾರೂ ಹೇಳದಿದ್ದರೂ, ನಾನೇ ತಂದು ಬಡಿಸಿದ್ದೆ.

"ಬರ್ದಿದ್ದೇ ಮರ್ತುಹೋಗಿತ್ತು ಕಣೇ," ಎಂದರು ಸಣ್ಣ ದನಿಯಲ್ಲಿ.

"ಓಹೋ!" ಎಂದರು ಅತ್ತೆ. "ಹೆಣ್ಣು ನೋಡ್ಕೊಂಡ್ ಬಂದೋನು ನನ್ ಕೈಯಡಿಗೆ ಸೇರ್ದೆ ಒದ್ದಾಡ್ತಿದ್ದ. ಇದಾ ಸಂಗತಿ? ಬರ್ಕೊಳ್ಳೋ, ಬರ್ಕೋ. ಇನ್ನೇನು ಆಧಾರ ಬೇಕು ನಿಂಗೆ?"

ಪದ ಸೇರಿತು. ಆಧಾರದ ಜಾಗದಲ್ಲಿ ಸಂಚಿಕೆಯ ಹೆಸರು, ಅದರ ಕೆಳಗೆ 'ಹೇಳಿದವರು: ಸುನಂದ, ಕುರುಡುಮಲೆ' ಎಂದು ಬರೆದರು. ನನಗೆ ಖುಷಿಗೆ ಅಳುವೇ ಬಂದುಬಿಟ್ಟಿತು.

ಮಧ್ಯಾಹ್ನ ಪಾತ್ರೆ ಬಳಿದು, ಎಷ್ಟೋ ಕಾಲದ ಮೇಲೆ ಗುಮ್ಮಟ್ಲೆ ಕಟ್ಟಿದೆ. ಇವರು ತಟ್ಟೆ ಚಾಚಿದರು.

"ಅದು ಹೊಸಬರಿಗೆ ಕಣ್ರೀ!"

"ಹಾಕೇ ಸುಮ್ನೆ. ಪ್ರೆಸ್ಸಿಗೆ ಅಂತ ಕೋಲಾರಕ್ಕೆ ಹೊರಟಿದ್ದೀನಿ. ನಾನು ಮತ್ತೆ ಬರೋದು ಬೇಡ್ವಾ?"