ಗೋಡೆಯ ಮೇಲಿನ ಬೂಟು

"ಉಸಿರಾಡೋಕಾ ನಿಂಗೆ ಸಂಬಳ ಕೊಡೋದು? ಮುಚ್ಕೊಂಡು ಅಂಟು ಹಚ್ಚೇ!"

ಸೂಪರ್‌ವೈಸರ್ ಹೀಗೆ ಕೂಗಿದ್ದು ಸೊಸೆಗೆ. ಏಳು ತಿಂಗಳ ಹೊಟ್ಟೆ ಮೇಜಿಗೆ ತಾಗದಂತೆ ಹಿಂದೆ ಸರಿದು ಕೂತು, ಅವಳು ಬೂಟಿನ ಅಟ್ಟೆಗೆ ಅಂಟು ಬಳಿಯುತ್ತಿದ್ದಳು. ಕೇಳಿದ್ದು ಇಷ್ಟೇ: ಒಂದು ಕಿಟಕಿ ತೆಗೀರಿ.

ಪಕ್ಕದಲ್ಲಿದ್ದ ಅತ್ತೆಗೆ ನಗು ಬಂತು. ಈ ಮಹಡಿಯಲ್ಲೇ ಇದು ಅವಳ ಮೂರನೆಯ ಕಾರ್ಖಾನೆ. ಮೊದಲು ನೂಲಿನ ಗಿರಣಿ. ಗಾಳಿ ಒಣಗಿದರೆ ಎಳೆ ಹರಿಯುತ್ತದೆಂದು ಕಿಟಕಿ ಮುಚ್ಚಿದರು. ಆಮೇಲೆ ಸೋಪಿನ ಪುಡಿ. ಗಾಳಿ ಬಂದರೆ ಮಾಲು ಹಾರುತ್ತದೆಂದು ಹಲಗೆಯಿಟ್ಟು ಮೊಳೆ ಹೊಡೆಸಿದರು. ಆಗೆಲ್ಲ ಕೆಮ್ಮಿದರೆ ನೊರೆ ಬರುತ್ತಿತ್ತು. ಈಗ ಬೂಟು. ಬೋರ್ಡು ಬದಲಾಯಿತು, ಸಾಹುಕಾರ ಬದಲಾದ, ಕಿಟಕಿ ಮಾತ್ರ ನಿಯತ್ತಿನಿಂದ ಮುಚ್ಚಿಕೊಂಡೇ ಇತ್ತು.

"ಈಗೇನ್ ಹಾರಿಹೋಗುತ್ತೆ ಸಾರ್, ಬೂಟಾ?"

"ಹೊರಗೆ ಹೋಗಿ ನೋಡೇ ಮುದುಕಿ, ಹಳೇ ಮೆಷೀನೇ. ಗೋಡೆ ತುಂಬಾ ಬೂಟಿನ ಚಿತ್ರ ಬರ್ಸಿದಾರೆ. ಈ ಐದು ಕಿಟಕಿ ಇರೋದು ಸರಿಯಾಗಿ ಬೂಟಿನ ಮೂತೀಲಿ. ಕಿಟಕಿ ಬಾಗಿಲ ಮೇಲೂ ಬಣ್ಣ ಹೊಡ್ದಿದೆ. ಇವತ್ತು ದೊಡ್ಡ ಗಿರಾಕಿಗಳು ಫೋಟೋ ಹಿಡಿಯೋಕೆ ಬರ್ತಾರೆ. ತೆಗೆದ್ರೆ ಬೂಟು ತೂತಾಗಲ್ವಾ?"

"ನಮ್ಮೆದೆ ತೂತಾದ್ರೆ?"

"ಅದು ಫೋಟೋದಲ್ಲಿ ಬೀಳಲ್ಲ" ಎಂದು ಅವನು ಗೇಟಿನ ಕಡೆ ಇಳಿದು ಹೋದ.

ಸೊಸೆಯ ಕೈಯಿಂದ ಬ್ರಷ್ಷು ಜಾರಿತು. "ಅತ್ತೆ, ಕಣ್ ಕತ್ಲೆ ಬರ್ತಿದೆ. ಬೆಳಿಗ್ಗೆಯಿಂದ ಮಗು ಒದ್ದೇ ಇಲ್ಲ."

ಅತ್ತೆಯ ನಗು ಅಲ್ಲಿಗೆ ನಿಂತಿತು. ಬೂಟಿನ ಚರ್ಮ ಎಳೆಯುವ ಇಕ್ಕಳ ಹಿಡಿದು ಎದ್ದು ಕಿಟಕಿಯ ಹಲಗೆಗೆ ಕೈ ಹಾಕಿದಳು.

"ಅದಕ್ಕೆ ಬಡಗೀನೇ ಬರ್ಬೇಕು ಕಣಕ್ಕ" ಎಂದಳು ಎದುರು ಸಾಲಿನವಳು.

"ಮೊಳೆ ಹೊಡ್ದ ಬಡಗಿ ನನ್ ಗಂಡಾನೇ ಕಣೇ. ಕಳ್ ನನ್ಮಗ, ಮೂರಿಂಚಿನ ಮೊಳೆ ಎಲ್ಲಾ ಮನೆಗೆ ತಂದು, ಇಲ್ಲಿ ಮುಕ್ಕಾಲಿಂಚಿಂದು ಹೊಡ್ದ. ನಮ್ಮನೆ ಮಂಚ ಇವತ್ತಿಗೂ ಅಲ್ಲಾಡಲ್ಲ!"

ಮೊಳೆಗಳು ಮುದುಕನ ಹಲ್ಲಿನಂತೆ ಕಿತ್ತು ಬಂದವು. ಹಲಗೆ ಬಿತ್ತು. ಎದುರು ಸಾಲಿನವಳೂ ಇಕ್ಕಳ ತಂದಳು, ಅವಳ ಹಿಂದೆ ಇನ್ನಿಬ್ಬರು. ಒಳಗಿಂದ ತಳ್ಳಿದ ಏಟಿಗೆ ಹೊರಗಿನ ಬಣ್ಣ ಚರ್ರೆಂದು ಸೀಳಿತು.

ಕೆಳಗೆ, ಗಿರಾಕಿಗಳ ನಡುವೆ ನಿಂತು ಹಲ್ಲು ಕಿರಿಯುತ್ತಿದ್ದ ಸಾಹುಕಾರ ತಲೆಯೆತ್ತಿದ. ಹೊಳೆಯುವ ಹೊಸ ಬೂಟಿನ ಮೂತಿ ಹರಿದು, ಐದು ಹೆಂಗಸರ ತಲೆ ಐದು ಬೆರಳಿನಂತೆ ಹೊರಗೆ ಬಂದಿದ್ದವು. ಹೆಬ್ಬೆರಳಿನ ಜಾಗದಲ್ಲಿ ಸೊಸೆ, ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದಳು. ಗಿರಾಕಿಗಳ ಕ್ಯಾಮೆರಾ ಕ್ಲಿಕ್ಕೆನ್ನುತ್ತಲೇ ಇತ್ತು.

"ಯಾವಳೇ ಅದು ನನ್ ಬೂಟು ಹರ್ದೋಳು?"

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅತ್ತೆ, ಒದೀತು!"

ಅತ್ತೆ ಕೆಳಗೆ ಬಗ್ಗಿದಳು. "ಕೇಳಿಸ್ತಾ ಸಾಹುಕಾರ್ರೇ? ಬರಿಗಾಲಲ್ಲೇ ಹಿಂಗೆ ಒದಿಯುತ್ತೆ!"

ಸೂಪರ್‌ವೈಸರ್ ದಡದಡನೆ ಮೆಟ್ಟಿಲು ಹತ್ತುವ ಸದ್ದು ಹತ್ತಿರವಾಯಿತು. ಐದು ಬೆರಳಲ್ಲಿ ಒಂದೂ ಒಳಗೆ ಸರಿಯಲಿಲ್ಲ.