ಅಲುಗಾಡಿದ ಫೋಟೋ

ಉತ್ತರಿ ಮಳೆ ಹಿಡಿದು ಬಿಡದ ದಿನಗಳು. ದನ ಬಿಡುವ ಹೊತ್ತಿಗೆ ನಾನು, ನನ್ನ ತಮ್ಮ ಲಾಲಪ್ಪ ಸುರಪುರದಲ್ಲಿ ಬಸ್ಸು ಹತ್ತಿದೆವು. ಕಾಲುವೆಗೆ ನೀರು ಬಂದ ಹೊಸತು. ನೀರಿನ ಹಿಂದೆಯೇ ಟ್ರ್ಯಾಕ್ಟರುಗಳೂ ಬಂದಿದ್ದವು. ಸಗರದ ಹತ್ತಿರ ಒಂದು ಬೀಳು ಹೊಲದಲ್ಲಿ ಅವುಗಳ ಓಟ ಇಟ್ಟಿದ್ದರು.

ಲಾಲಪ್ಪ ಮದುವೆ ಫೋಟೋ ತೆಗೆಯುವವನು. ಊರಲ್ಲಿ ಸ್ಟುಡಿಯೋಗಳು ಹೆಚ್ಚಾಗಿ ಅವನಿಗೆ ಕೆಲಸ ಇಲ್ಲದಂತಾಗಿತ್ತು. ಓಟದ ಚಿತ್ರ ಮನಸ್ಸಿಗೆ ಬಂದರೆ ಈ ಕಡೆಯ ಸುದ್ದಿಗೆಲ್ಲ ಅವನನ್ನೇ ಇಟ್ಟುಕೊಳ್ಳುವುದಾಗಿ ಕಲಬುರ್ಗಿಯ ಒಂದು ಪತ್ರಿಕೆಯವರು ಹೇಳಿದ್ದರು. ಬರದಿದ್ದರೆ ಗುರುಮಠಕಲ್‌ಗೆ ಹೋಗಿ, ಹೆಂಡತಿ ದೇವಕಮ್ಮನ ಅಣ್ಣನ ಸ್ಟುಡಿಯೋದಲ್ಲಿ ಕೈಕೆಳಗೆ ದುಡಿಯಬೇಕು. ಅವನಿಗೆ ಅದು ಬೇಡವಾಗಿತ್ತು. ಗಂಡ ತೀರಿದ ಮೇಲೆ ಅವರ ಜೊತೆಗೇ ಇದ್ದ ನನಗೂ ಬೇಡವಾಗಿತ್ತು. ಅದಕ್ಕೇ ಛತ್ರಿ ಹಿಡಿಯಲು ಹೋದೆ.

ಎರೆಹೊಲ. ಕಾಲು ಎತ್ತಿದರೆ ಚಪ್ಪಲಿ ಮಣ್ಣಲ್ಲೇ ಉಳಿಯುತ್ತಿತ್ತು.

"ಅಕ್ಕಾ, ಛತ್ರಿ ನನಗ ಬ್ಯಾಡ, ಕ್ಯಾಮೆರಾಕ್ಕ ಹಿಡಿ."

"ನೀ ನೆನೀತಿಯಲ್ಲೋ."

"ನಾ ಒಣಗತೀನಿ. ಅದು ಒಣಗಂಗಿಲ್ಲ."

ತಿರುವಿನಲ್ಲಿ ನಿಂತೆವು. ಸಗರದ ಹಣಮಂತ್ರಾಯನ ಟ್ರ್ಯಾಕ್ಟರ್ ಎಲ್ಲರಿಗಿಂತ ಮುಂದೆ ಬಂತು. ನಮ್ಮ ಕಡೆ ಕ್ಯಾಮೆರಾ ಮುಂದೆ ಯಾರೂ ಅಲುಗಾಡುವುದಿಲ್ಲ, ಉಸಿರು ಸಹ ಬಿಗಿಹಿಡಿಯುತ್ತಾರೆ. ಹಣಮಂತ್ರಾಯ ಕ್ಯಾಮೆರಾ ನೋಡಿದವನೇ ಬ್ರೇಕ್ ತುಳಿದ. ತಲೆ ಮೇಲಿನ ಗೋಣಿಕೊಪ್ಪೆ ತೆಗೆದು, ಮೀಸೆ ತೀಡಿ, ನೆಟ್ಟಗೆ ಕೂತ.

ಲಾಲಪ್ಪನೂ ರೂಢಿಯಂತೆ ಕೂಗಿದ: "ಗದ್ದ ಸ್ವಲ್ಪ ಮ್ಯಾಲ ಮಾಡ್ರಿ!"

ಅಷ್ಟರಲ್ಲಿ ಹಿಂದಿದ್ದ ದ್ಯಾವಪ್ಪ ರಾಡಿ ಎರಚುತ್ತ ಪಕ್ಕದಿಂದಲೇ ದಾಟಿ ಹೋದ. ಅದನ್ನೂ, ಅವನ ಹಿಂದೆ ಬಂದವರನ್ನೂ ಲಾಲಪ್ಪ ತೆಗೆದ. ಸೆರಗಿನಿಂದ ಗಾಜು ಒರೆಸಿ ಒರೆಸಿ ನನಗೆ ಸಾಕಾಯಿತು.

ಓಟ ಮುಗಿದ ಮೇಲೆ ಮಂದಿ ಹಣಮಂತ್ರಾಯನನ್ನು ಬಿಡಲಿಲ್ಲ. "ಇವತ್ತ ನಿನ್ನ ಲಗ್ನ ಇತ್ತೇನಲೇ?"

"ನಗ್ರಿ ನಗ್ರಿ. ಕಪ್ ದ್ಯಾವಪ್ಪನ ಮನ್ಯಾಗಿರ್ಲಿ, ಫೋಟೋ ನನ್ನ ಮನ್ಯಾಗಿರ್ತದ," ಎಂದ ಅವನು.

ಮನೆಗೆ ಬಂದು ಲಾಲಪ್ಪ ರೀಲು ತೊಳೆದು ಚಿತ್ರ ಮಾಡಿದ. ಹಣಮಂತ್ರಾಯನದು ಕನ್ನಡಿಯಂತೆ ಬಂದಿತ್ತು. ಉಳಿದವೆಲ್ಲ ಅಲುಗಾಡಿದ್ದವು.

"ಇವೇನ್ರಿ, ದೆವ್ವ ಓಡ್ಯಾಡಿದಂಗ ಅದಾವ," ಎಂದು ದೇವಕಮ್ಮ ನಕ್ಕಳು.

ಅಲುಗಾಡಿದ ಫೋಟೋ ಗಿರಾಕಿ ಕಣ್ಣಿಗೆ ಬಿದ್ದರೆ ಊರೆಲ್ಲ ಹೆಸರು ಕೆಡುತ್ತದೆಂದು ಅಂಥವನ್ನು ಅವನು ಇಟ್ಟುಕೊಳ್ಳುತ್ತಿರಲಿಲ್ಲ. ಆವತ್ತೂ ರೀಲಿನಲ್ಲಿ ಅಲುಗಾಡಿದ ತುಂಡು ಕತ್ತರಿಸಿ, ಆ ಚಿತ್ರಗಳ ಜೊತೆಗೆ ನೀರೊಲೆಗೆ ಹಾಕಿದ.

ಉಳಿದ ಆ ಒಂದು ಫೋಟೋ ಹಿಡಿದು ಲಾಲಪ್ಪ ಕಲಬುರ್ಗಿಗೆ ಹೊರಟ. ಅಲ್ಲಿ ನನ್ನ ಕಣ್ಣು ತೋರಿಸುವುದಿತ್ತು, ನಾನೂ ಹೋದೆ. ಪತ್ರಿಕೆಯ ಮನ್ಸೂರಅಲಿ ಸಾಹೇಬರು ಒಳ್ಳೆಯ ಮನುಷ್ಯ. ಚಹಾ ತರಿಸಿದರು. ಫೋಟೋ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕೈ ಸಾಫ್ ಅದರಿ ನಿಮ್ದು. ಆದ್ರ ಇದ್ರಾಗ ಓಟ ಎಲ್ಲದ? ಹೊಸಾ ಗಾಡಿ ತಗೊಂಡು ಪೂಜಾ ಮಾಡಿಸಿ ತೆಗಿಸಿಕೊಂಡಂಗದ. ಮಳಿ, ರಾಡಿ, ಅಲುಗಾಡಿದ್ದು... ಒಂದೂ ಇಲ್ಲೇನು?"

"ಇದ್ವುರಿ ಸಾಹೇಬ್ರ."

"ಮತ್ತ ಕೊಡ್ರಲ್ಲ!"

"ಒಲಿಗಿ ಹಾಕೀನ್ರಿ."

ಸಾಹೇಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅಯ್ಯೋ ಮಾರಾಯ, ಅವೇ ಬೇಕಾಗಿದ್ವಲ್ಲ. ಇರ್ಲಿ, ಮುಂದಿನ ಓಟದ್ದು ತರ್ರಿ. ಅಲ್ಲೀತನ ಜಾಗ ಹಿಡೀತೀನಿ."

ಬಸ್ಸು ಶಹಾಪುರ ದಾಟಿತು. ಲಾಲಪ್ಪ, "ನಮ್ಮ ಮಂದಿ ಮೂಸಿ ಸುದ್ದಾ ನೋಡಂಗಿಲ್ಲ ಅಂಥಾವ, ಹೌದಿಲ್ಲ ಅಕ್ಕಾ?" ಎಂದ.

"ಹೌದಪಾ," ಎಂದೆ.

ವರ್ಷ ಕಾದೆವು. ಅಷ್ಟರಲ್ಲಿ ಆ ಹೊಲಕ್ಕೂ ಕಾಲುವೆ ನೀರು ಹತ್ತಿ ನೆಲ್ಲು ನಾಟಿದರು. ಓಟಕ್ಕೆ ಬೀಳು ನೆಲ ಯಾರ ಬಳಿಯೂ ಉಳಿಯಲಿಲ್ಲ. ಸಾಹೇಬರಾದರೂ ಎಷ್ಟು ದಿನ ಜಾಗ ಹಿಡಿದಾರು, ಬೇರೆಯವನನ್ನು ಇಟ್ಟುಕೊಂಡರು.

ಗುರುಮಠಕಲ್‌ಗೆ ಹೋಗುವುದೆಂದಾದಾಗ ತಮ್ಮ, ದೇವಕಮ್ಮ ನನ್ನನ್ನೂ ಕರೆದರು. ತೆಲುಗು ಮಾತಿನ ಊರಿಗೆ ಈ ವಯಸ್ಸಿನಲ್ಲಿ ಒಲ್ಲೆ ಎಂದೆ. ಸೀಗಿ ಹುಣ್ಣಿಮೆಯ ಮರುದಿನ ಹೊರಟಿದ್ದರು. ಅದು ಮಂಗಳವಾರ, ಬೇಡವೆಂದು ತಡೆದೆ, ಒಂದು ದಿನ ನಿಂತರು. ಬುಧವಾರ ಮುಂಜಾನೆ ಲಾಲಪ್ಪ, ದೇವಕಮ್ಮ ಗುರುಮಠಕಲ್ ಬಸ್ಸು ಹತ್ತಿ ಹೋದರು.